ಮೋಡ ಸರಿಯುವವರೆಗೆ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ಮಂಡಕಳ್ಳಿಯ ವಿಮಾನ ನಿಲ್ದಾಣ ಎದುರಾಗುತ್ತದೆ. ಅರಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1940ರ ದಶಕದಲ್ಲಿ ರೂಪುಗೊಂಡ ಈ ಬಯಲು 2010ರಲ್ಲಿ ಹೊಸ ಕಟ್ಟಡವನ್ನು ಪಡೆಯಿತು. ಅದರ ರನ್‌ವೇಯ ಉದ್ದ 1,740 ಮೀಟರು. ದೊಡ್ಡ ವಿಮಾನಗಳಿಗೆ ಇದು ಇಕ್ಕಟ್ಟಿನ ಅಂಗಳವೇ ಸರಿ. ಆದರೆ ಹಾರಲು ಕಲಿಯುವವರ ಪುಟ್ಟ ವಿಮಾನಗಳಿಗೆ ಧಾರಾಳವಾಗಿ ಸಾಕು. ಸುತ್ತಲಿನ ಹಳ್ಳಿಗಳ ರೈತರು ಹೊಲದಲ್ಲಿ ಬಗ್ಗಿ ದುಡಿಯುತ್ತಿರುವಾಗ ತಲೆಯ ಮೇಲೆ ಜೇನುಹುಳುವಿನಂತೆ ಗುಂಯ್‌ಗುಟ್ಟುತ್ತ ಸುತ್ತು ಹಾಕುವ ಈ ವಿಮಾನಗಳಿಗೆ ಒಗ್ಗಿಹೋಗಿದ್ದಾರೆ. ಈಗ ಅವರಾರೂ ತಲೆಯೆತ್ತಿ ನೋಡುವುದಿಲ್ಲ. ಸದ್ದು ನಿಂತಾಗಲಷ್ಟೇ, ಇಂದೇಕೆ ವಿಮಾನ ಬರಲಿಲ್ಲವೆಂದು ಒಮ್ಮೆ ಆಕಾಶವನ್ನು ದಿಟ್ಟಿಸುವುದುಂಟು. ಆಗ ಅವರ ಕಣ್ಣಿಗೆ ಬೀಳುವುದು ಮೋಡ.

ಅದೇ ಮೋಡವನ್ನು ನಿಲ್ದಾಣದ ಸೂರಿನ ಕೆಳಗೆ ನಿಂತ ವಿದ್ಯಾರ್ಥಿಯೂ ನೋಡುತ್ತಿರುತ್ತಾನೆ. ರೈತನಿಗೆ ಅದು ಸುರಿಯಬೇಕು. ಇವನಿಗೆ ಅದು ಸರಿಯಬೇಕು. ಇಬ್ಬರ ಕೈಯಲ್ಲಿಯೂ ಏನೂ ಇಲ್ಲ. ಆದರೆ ಕಾಯುವುದನ್ನು ರೈತನು ತನ್ನ ಕಸುಬಿನ ಒಂದು ಭಾಗವೆಂದೇ ತಿಳಿದಿದ್ದಾನೆ. ವಿದ್ಯಾರ್ಥಿಯಾದರೋ ಅದನ್ನು ತನ್ನ ಕಸುಬಿಗೆ ಬಂದ ಅಡ್ಡಿಯೆಂದು ಬಗೆಯುತ್ತಾನೆ. ಈ ಎರಡನೆಯ ಎಣಿಕೆ ತಪ್ಪು. ತಪ್ಪಷ್ಟೇ ಅಲ್ಲ, ಅಪಾಯಕರವೂ ಹೌದು.

ಖಾಸಗಿ ವಿಮಾನ ಚಾಲಕನ ಪರವಾನಗಿಯನ್ನು ಬಯಸುವವನಿಗೆ ನಮ್ಮ ದೇಶದ ನಿಯಮಗಳು ವಿಧಿಸಿರುವ ಷರತ್ತುಗಳು ಬಹಳವೇನಿಲ್ಲ. ಹದಿನೇಳು ವರ್ಷ ತುಂಬಿರಬೇಕು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ವೈದ್ಯರ ಪರೀಕ್ಷೆಯಲ್ಲಿ ದೇಹ ದೃಢವೆನಿಸಬೇಕು. ವಾಯುಯಾನದ ನಿಯಮ, ದಾರಿ ಹಿಡಿಯುವ ವಿದ್ಯೆ, ಹವಾಮಾನ ಮೊದಲಾದ ವಿಷಯಗಳಲ್ಲಿ ಪರೀಕ್ಷೆ ಕೊಡಬೇಕು. ಕಡಿಮೆಯೆಂದರೆ 40 ಗಂಟೆ ಹಾರಿರಬೇಕು. ಆ ನಲವತ್ತರಲ್ಲಿ ಒಂದು ಪಾಲು ಶಿಕ್ಷಕನು ಪಕ್ಕದಲ್ಲಿಲ್ಲದೆ ಒಬ್ಬನೇ ಹಾರಿದ್ದಾಗಬೇಕು. ನಲವತ್ತು ಗಂಟೆ ಎಂದರೆ ಕೇಳುವವರಿಗೆ ಎಷ್ಟು ಅಲ್ಪ! ದಿನಕ್ಕೆರಡು ಗಂಟೆಯಂತೆ ಹಾರಿದರೆ ಇಪ್ಪತ್ತೇ ದಿನ. ಮನೆಯಲ್ಲಿ ಕುಳಿತು ಲೆಕ್ಕ ಹಾಕುವ ತಂದೆತಾಯಿಗಳ ಬೆರಳೆಣಿಕೆ ಹೀಗೆಯೇ ನಡೆಯುತ್ತದೆ. ಆದರೆ ಆಕಾಶವು ಬೆರಳೆಣಿಕೆಗೆ ಸಿಕ್ಕುವಂಥದಲ್ಲ.

ಈ ಸೀಮೆಯ ವರ್ಷವನ್ನೇ ನೋಡಬಹುದು. ಜನವರಿಯಿಂದ ಮಾರ್ಚಿಯವರೆಗೆ ಬಾನು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಆಗಲೂ ನಸುಕಿನಲ್ಲಿ ಕಪಿಲೆಯ ಮೇಲೆ, ನಾಲೆಗಳ ಮೇಲೆ, ತಿರುಮಕೂಡಲು ನರಸೀಪುರದ ಗದ್ದೆಬಯಲಿನ ಮೇಲೆ ಮಂಜು ಹತ್ತಿಯ ಹಾಸಿನಂತೆ ಮಲಗಿರುವುದುಂಟು. ಬಿಸಿಲೇರಿದ ಮೇಲೆ ಅದು ಕರಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬೆಳಗು ನಿರ್ಮಲ, ಮಧ್ಯಾಹ್ನ ಕಳೆದರೆ ಗುಡುಗಿನ ಮೋಡ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂದು ರೈತನು ಹಿಗ್ಗುವ ಆ ಮಳೆಯನ್ನು ತರುವ ಮೋಡವು ಪುಟ್ಟ ವಿಮಾನದ ಪಾಲಿಗೆ ಪರಮವೈರಿ. ಅದರ ಒಡಲಿನಲ್ಲಿ ಮೇಲಕ್ಕೇರುವ ಗಾಳಿಯೂ ಕೆಳಕ್ಕೆ ಧುಮುಕುವ ಗಾಳಿಯೂ ಒತ್ತೊತ್ತಾಗಿರುತ್ತವೆ. ಜೂನ್ ಬಂತೆಂದರೆ ಪಡುವಣ ಗಾಳಿ. ಘಟ್ಟಗಳ ಮರೆಯಲ್ಲಿರುವ ಮೈಸೂರು ಸೀಮೆಗೆ ಮಲೆನಾಡಿನ ಜಡಿಮಳೆ ಇಲ್ಲ, ನಿಜ. ವಯನಾಡಿನಲ್ಲಿ ಸುರಿದ ಮಳೆಯಿಂದ ಕಪಿಲೆ ತುಂಬಿ ಹರಿಯುತ್ತಿರುವಾಗಲೂ ನಂಜನಗೂಡಿನಲ್ಲಿ ಬರಿಯ ಸೋನೆ ಬೀಳುತ್ತಿರುವುದುಂಟು. ಆದರೆ ಘಟ್ಟವನ್ನು ದಾಟಿ ಬಂದ ಮೋಡಗಳು ಕೆಳಮಟ್ಟದಲ್ಲಿ ಕವಿದು ಚಾಮುಂಡಿಬೆಟ್ಟದ ನೆತ್ತಿಯನ್ನು ಗಂಟೆಗಟ್ಟಲೆ ನುಂಗಿಬಿಡುತ್ತವೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೆ ಗುಡುಗು. ಅನಂತರ ಬಂಗಾಳಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತದ ಸುದ್ದಿ. ಹೀಗೆ ಇಪ್ಪತ್ತು ದಿನವೆಂದುಕೊಂಡದ್ದು ಎಷ್ಟೋ ತಿಂಗಳಾಗಿ ಬೆಳೆಯುತ್ತದೆ.

ಕಲಿಯುವವನು ಕಣ್ಣನ್ನೇ ನಂಬಿ ಹಾರುವವನು. ಅವನಿಗೆ ನೆಲ ಕಾಣಬೇಕು, ದಿಗಂತ ಕಾಣಬೇಕು. ಮಂಡಕಳ್ಳಿಯಿಂದ ಮೇಲೆದ್ದವನಿಗೆ ತೆಂಕಲಲ್ಲಿ ಕಪಿಲೆಯ ದಂಡೆಯ ಮೇಲೆ ಶ್ರೀಕಂಠೇಶ್ವರನ ಗೋಪುರ. ಊರನ್ನು ಬಳಸಿ ಚಾಮರಾಜನಗರದತ್ತ ಸಾಗುವ ರೈಲುಹಾದಿ. ಆ ಹೊಳೆಯ ಬೆಳ್ಳಿದಾರವನ್ನೇ ಹಿಡಿದು ಮೂಡಲಿಗೆ ಸಾಗಿದರೆ ಅದು ಕಾವೇರಿಯೊಡನೆ ಕೂಡುವ ತಿರುಮಕೂಡಲು. ಇನ್ನೂ ಮುಂದೆ ತಲಕಾಡಿನ ಮರಳು. ಭೂಪಟದಲ್ಲಿ ಕಂಡದ್ದು ಕಣ್ಣೆದುರಿಗೂ ಇದೆಯೆಂದು ಒಂದೊಂದಾಗಿ ತಾಳೆ ನೋಡುತ್ತ ಹೋಗುವುದೇ ಅವನ ದಾರಿ ಹಿಡಿಯುವ ಕ್ರಮ. ಆದಕಾರಣ ಇಂಥ ಹಾರಾಟಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರಿನಷ್ಟು ದೂರ ನಿಚ್ಚಳವಾಗಿ ಕಾಣಬೇಕೆಂದೂ, ವಿಮಾನವು ಮೋಡದಿಂದ ಅಡ್ಡಲಾಗಿ 1,500 ಮೀಟರು, ಮೇಲೆ ಕೆಳಗೆ 300 ಮೀಟರು ದೂರವಿರಬೇಕೆಂದೂ ನಿಯಮವಿದೆ. ಓದುವಾಗ ಇವು ಒಣ ಅಂಕಿಗಳಂತೆ ತೋರುತ್ತವೆ. ಆದರೆ ಒಂದೊಂದು ಅಂಕಿಯ ಹಿಂದೆಯೂ ಮನೆಗೆ ಮರಳದ ಕೆಲವರಿದ್ದಾರೆ.

ಮೋಡದೊಳಕ್ಕೆ ಹೋದರೆ ಆಗುವುದಾದರೂ ಏನು? ರಸ್ತೆಯಲ್ಲಿ ಮಂಜು ಮುಸುಕಿದರೆ ಬಸ್ಸಿನವನು ದೀಪ ಹಾಕಿಕೊಂಡು ನಿಧಾನವಾಗಿ ಸಾಗುವುದಿಲ್ಲವೆ ಎಂದು ಕೇಳುವವರುಂಟು. ಈ ಹೋಲಿಕೆ ಸಲ್ಲದು. ಬಸ್ಸು ನಿಲ್ಲಬಲ್ಲುದು, ವಿಮಾನ ನಿಲ್ಲಲಾರದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಮಕ್ಕಳು ಅಂಗಳದಲ್ಲಿ ಕಣ್ಣು ಮುಚ್ಚಿ ಗಿರಗಿರನೆ ತಿರುಗಿ ಥಟ್ಟನೆ ನಿಂತಾಗ, ನಿಂತಿದ್ದರೂ ತಿರುಗುತ್ತಲೇ ಇರುವಂತೆ ಭಾಸವಾಗುವುದನ್ನು ಬಲ್ಲರು. ಒಳಗಿವಿಯಲ್ಲಿ ಸಮತೋಲವನ್ನು ಅರಿಯುವ ಅಂಗವು ಹೀಗೆ ಸುಲಭವಾಗಿ ಮೋಸಹೋಗುತ್ತದೆ. ಕಣ್ಣು ದಿಗಂತವನ್ನು ನೋಡುತ್ತಿರುವವರೆಗೆ ಆ ಮೋಸ ನಡೆಯದು. ಮೋಡದೊಳಗೆ ದಿಗಂತವಿಲ್ಲ. ವಿಮಾನ ಒಂದು ಮಗ್ಗುಲಿಗೆ ವಾಲಿ ಮೆಲ್ಲನೆ ಸುತ್ತುತ್ತ ಇಳಿಯುತ್ತಿದ್ದರೂ ಒಳಗೆ ಕುಳಿತವನಿಗೆ ತಾನು ನೆಟ್ಟಗೆ ಹೋಗುತ್ತಿರುವೆನೆಂದೇ ತೋರುತ್ತದೆ. ಉಪಕರಣಗಳನ್ನೇ ನಂಬಿ ಹಾರುವ ವಿದ್ಯೆಯನ್ನು ಬೇರೆಯಾಗಿ ಕಲಿತವರು ಮಾತ್ರ ಈ ಭ್ರಮೆಯನ್ನು ಗೆಲ್ಲಬಲ್ಲರು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1954ರಲ್ಲಿ ಇದರ ಪರೀಕ್ಷೆಯೊಂದು ನಡೆಯಿತು. ಆ ವಿದ್ಯೆಯನ್ನರಿಯದ ಇಪ್ಪತ್ತು ಮಂದಿಯನ್ನು, ಹೊರಗೇನೂ ಕಾಣದಂತೆ ಮಾಡಿ, ಶಿಕ್ಷಕರ ಕಾವಲಿನಲ್ಲಿ ಹಾರಿಸಲಾಯಿತು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು, ಒಬ್ಬನೂ ಉಳಿಯಲಿಲ್ಲ. ಹಾಗಾಗಲು ಹಿಡಿದ ಕಾಲ, ಸರಾಸರಿಯಲ್ಲಿ, 178 ಸೆಕೆಂಡು. ಮೂರು ನಿಮಿಷವೂ ಪೂರ್ತಿಯಾಗಿಲ್ಲ! ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಅಲ್ಲ. ಇಪ್ಪತ್ತು ದಿನ ಕಾಯಬೇಕಾಯಿತೆಂದು ಗೊಣಗುವವನು ಈ ಮೂರು ನಿಮಿಷವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ನೋಡಬೇಕು.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಕೆನಡಿ ಖಾಸಗಿ ಪರವಾನಗಿಯನ್ನು ಪಡೆದ ಚಾಲಕ. 1999ರ ಜುಲೈ 16ರಂದು ಸಂಜೆ ಪತ್ನಿಯನ್ನೂ ಆಕೆಯ ಅಕ್ಕನನ್ನೂ ಕೂರಿಸಿಕೊಂಡು ತನ್ನ ಸ್ವಂತ ವಿಮಾನದಲ್ಲಿ ಸಮುದ್ರದ ಮೇಲೆ ಹೊರಟ. ಹೊರಡುವ ಹೊತ್ತಿಗೆ ಕತ್ತಲಾಗಿತ್ತು. ಅಂದು ಬಿರುಗಾಳಿಯಿರಲಿಲ್ಲ, ಮಳೆಯಿರಲಿಲ್ಲ. ಇದ್ದದ್ದು ಮಬ್ಬು ಮಾತ್ರ. ಕೆಳಗೆ ಕಪ್ಪು ನೀರು, ಮೇಲೆ ಕಪ್ಪು ಬಾನು, ನಡುವಿನ ಗೆರೆ ಅಳಿಸಿಹೋಗಿತ್ತು. ದಿಕ್ಕಿನ ಅರಿವು ತಪ್ಪಿ ವಿಮಾನ ಸಮುದ್ರಕ್ಕೆ ಬಿದ್ದು ಮೂವರೂ ಮಡಿದರು. ಆತನಿಗೆ ಹಣಕ್ಕೆ ಕೊರತೆಯಿರಲಿಲ್ಲ, ವಿಮಾನಕ್ಕೆ ಕೊರತೆಯಿರಲಿಲ್ಲ. ಮರುದಿನ ಬೆಳಗಿನವರೆಗೆ ಕಾದಿದ್ದರೆ ಅದೇ ದಾರಿಯಲ್ಲಿ ದಿಗಂತ ಕಣ್ಣಿಗೆ ಕಾಣುತ್ತಿತ್ತು.

ಹಾಗೆಂದು ಹೇಳುವುದು ಸುಲಭ, ಕಾಯುವುದು ಸುಲಭವಲ್ಲ. ಇದನ್ನು ಒಪ್ಪಿಕೊಳ್ಳದೆ ಉಪದೇಶ ಮಾಡಹೊರಟರೆ ಅದು ಅನ್ಯಾಯವಾದೀತು. ಹಾರಾಟದ ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ ತೆರಬೇಕು. ಹೊಲವನ್ನು ಅಡವಿಟ್ಟೋ ಬ್ಯಾಂಕಿನಲ್ಲಿ ಸಾಲವೆತ್ತಿಯೋ ಮಗನನ್ನೋ ಮಗಳನ್ನೋ ಕಳುಹಿಸಿದ ಮನೆಗಳಿವೆ. ಹಾರಲಿ ಹಾರದಿರಲಿ, ಕೊಠಡಿಯ ಬಾಡಿಗೆ, ಊಟದ ಖರ್ಚು, ಸಾಲದ ಬಡ್ಡಿ ಇವು ಮೋಡವನ್ನು ನೋಡಿ ನಿಲ್ಲುವುದಿಲ್ಲ. ಇದಲ್ಲದೆ, ಕೈಗೆ ಬಂದ ವಿದ್ಯೆ ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತದೆ. ಹತ್ತು ದಿನ ನೆಲದಲ್ಲೇ ಉಳಿದ ವಿದ್ಯಾರ್ಥಿ ಹನ್ನೊಂದನೆಯ ದಿನ ವಿಮಾನವನ್ನು ಇಳಿಸುವಾಗ ಹಳೆಯ ತಪ್ಪುಗಳನ್ನೆಲ್ಲ ಮತ್ತೆ ಮಾಡುತ್ತಾನೆ. ಕಲಿತದ್ದನ್ನೇ ಮತ್ತೆ ಹಣ ತೆತ್ತು ಕಲಿಯಬೇಕಾಗುತ್ತದೆ. ಊರಿನಿಂದ ಫೋನು ಬರುತ್ತದೆ: "ಇನ್ನೂ ಮುಗಿಯಲಿಲ್ಲವೇನಪ್ಪ?" ಪ್ರೀತಿಯಿಂದಲೇ ಕೇಳಿದ ಪ್ರಶ್ನೆ ಅದು. ಆದರೆ ದಿನವೂ ಕೇಳಿಸಿಕೊಂಡ ಆ ಪ್ರಶ್ನೆಯೇ ಒಂದು ದಿನ, ಮೋಡ ಅರ್ಧ ಸರಿದಿರುವಾಗ, 'ಇಷ್ಟು ಸಾಕು, ಹೋಗಿಬಿಡೋಣ' ಎಂಬ ಧೈರ್ಯದ ವೇಷವನ್ನು ತೊಟ್ಟು ನಿಲ್ಲುತ್ತದೆ.

ಪೂರ್ತಿ ಮುಚ್ಚಿದ ಆಕಾಶ ಯಾರನ್ನೂ ಮರುಳು ಮಾಡುವುದಿಲ್ಲ. ಅಪಾಯವಿರುವುದು ಅರ್ಧ ತೆರೆದ ಆಕಾಶದಲ್ಲಿ. ನಂಜನಗೂಡಿನ ಕಡೆ ಬಿಸಿಲು, ನರಸೀಪುರದ ಕಡೆ ಕಪ್ಪು. ಹೋಗಲೂಬಹುದು, ಬಿಡಲೂಬಹುದು ಎಂಬಂಥ ದಿನ. ಅಂಥ ದಿನ ಒಲ್ಲೆನೆನ್ನುವವನಿಗೆ ಸಾಕ್ಷಿ ದೊರೆಯುವುದಿಲ್ಲವೆಂಬುದು ಈ ವಿದ್ಯೆಯ ಒಂದು ವಿಚಿತ್ರ. ಅವನು ಹಾರದೆ ಉಳಿದ ಮೇಲೆ ಮಳೆ ಬಾರದೆ ಹೋದರೆ ಸುತ್ತಲಿನವರು ನಗುತ್ತಾರೆ. ಬಂದರೆ, ಅವನಿಂದಾಗಿ ಒಂದು ಜೀವ ಉಳಿಯಿತೆಂದು ಯಾರೂ ಬರೆದಿಡುವುದಿಲ್ಲ.

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಬಂದಾಗ ನಂಜನಗೂಡಿನ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿಯಿತು; ಮೈಸೂರಿನ ದಾರಿ ಕಡಿದುಹೋಯಿತು. ವಾಹನಗಳು ಹಿಂದಿರುಗಿದವು. ಹಿಂದಿರುಗಿದವರನ್ನು ಹೇಡಿಗಳೆಂದು ಯಾರೂ ಕರೆಯಲಿಲ್ಲ. ನೀರು ಕಣ್ಣಿಗೆ ಕಾಣುತ್ತಿತ್ತು, ಪೊಲೀಸರ ಅಡ್ಡಗಟ್ಟೆಯೂ ಇತ್ತು. ಆಕಾಶದಲ್ಲಿ ಅಡ್ಡಗಟ್ಟೆಯನ್ನು ಹಾಕುವವರಿಲ್ಲ. ನಿಲ್ದಾಣದವರು ತಡೆಯಬಲ್ಲುದು ಹೊರಡುವ ಮುನ್ನ. ಮೇಲೇರಿದ ಮೇಲೆ ಅಡ್ಡಗಟ್ಟೆಯನ್ನು ಚಾಲಕನೇ ತನ್ನ ಮನಸ್ಸಿನಲ್ಲಿ ಕಟ್ಟಿಕೊಂಡಿರಬೇಕು.

ಈ ವಿವೇಕ ಹೊರನಾಡಿನಿಂದ ತರಬೇಕಾದ ಸರಕೇನೂ ಅಲ್ಲ. ಕಾವೇರಿಯ ದಂಡೆಯಲ್ಲಿ ಹರಿಗೋಲು ಹಾಕುವ ಅಂಬಿಗನನ್ನು ನರಸೀಪುರ ತಲಕಾಡುಗಳ ಜನ ಬಲ್ಲರು. ಹೊಳೆ ಕೆಂಪಾಗಿ ಸೆಳವು ಏರಿದ ದಿನ ಅವನು ಹರಿಗೋಲನ್ನು ದಡಕ್ಕೆಳೆದು ಮಗುಚಿ ಹಾಕುತ್ತಾನೆ. ಆಚೆ ದಡದಲ್ಲಿ ಮದುವೆಯ ಮುಹೂರ್ತವಿರಲಿ, ಕಚೇರಿಯ ವಾಯಿದೆಯಿರಲಿ, ಹೆಚ್ಚು ಕಾಸು ಕೊಡುವ ಸಾಹುಕಾರನಿರಲಿ, 'ಇವತ್ತು ಆಗೋದಿಲ್ಲ ಸ್ವಾಮಿ' ಎಂದು ಬೀಡಿ ಹಚ್ಚಿ ಕುಳಿತುಬಿಡುತ್ತಾನೆ. ನೀರಿನ ಮೇಲೆ ತೀರ್ಮಾನ ಅವನದು. ವಿಮಾನದಲ್ಲಿಯೂ ಅಂತಿಮ ತೀರ್ಮಾನ ಚಾಲಕನದೆಂದೇ ನಿಯಮಗಳು ಹೇಳುತ್ತವೆ, ಮಾಲೀಕನದಲ್ಲ, ಪ್ರಯಾಣಿಕನದಲ್ಲ. ಅಕ್ಷರ ಬಾರದ ಅಂಬಿಗನು ತನ್ನ ಅಧಿಕಾರವನ್ನು ಎಷ್ಟು ನಿಸ್ಸಂಕೋಚವಾಗಿ ಚಲಾಯಿಸುತ್ತಾನೋ ಅಷ್ಟನ್ನು ಪರವಾನಗಿ ಪಡೆದವನು ಚಲಾಯಿಸಲು ಅಂಜಿದರೆ ಕಲಿತ ವಿದ್ಯೆಗೆ ಏನು ಬೆಲೆ?

ದೊಡ್ಡವರೆನಿಸಿಕೊಂಡ ವೈಮಾನಿಕರೂ ಕಾದವರೇ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಎಲ್ಲಿಯೂ ಇಳಿಯದೆ ದಾಟಿದ ಲಿಂಡ್‌ಬರ್ಗ್ 1927ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಮೇಲೆ ಮಳೆ ಮಂಜುಗಳ ದೆಸೆಯಿಂದ ಒಂದು ವಾರದಷ್ಟು ಕಾಲ ನೆಲದಲ್ಲೇ ಉಳಿದಿದ್ದ. ಪ್ರತಿಸ್ಪರ್ಧಿಗಳು ಅದೇ ಊರಿನಲ್ಲಿ ಸಜ್ಜಾಗಿ ನಿಂತಿದ್ದರು; ಪತ್ರಿಕೆಯವರು ಬಾಗಿಲಲ್ಲಿ ಮುತ್ತಿದ್ದರು. ಹವೆ ತಿಳಿಯಾಗುವ ಸೂಚನೆ ಬಂದಮೇಲೆಯೇ ಅವನು 20ರ ಬೆಳಗ್ಗೆ ಹೊರಟದ್ದು. ನಮ್ಮ ದೇಶದಲ್ಲಿ 1929ರಲ್ಲಿ ಮೊದಲ ಪರವಾನಗಿಯನ್ನು ಪಡೆದವರು ಜೆ. ಆರ್. ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲವನ್ನು ಹೊತ್ತು ಹಾರಿ ಬಂದರು. ಅವರ ಸಂಗಾತಿ ನೆವಿಲ್ ವಿನ್ಸೆಂಟ್ ಆ ಚೀಲವನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮುಂಬಯಿಯ ಜುಹೂ ಮೈದಾನ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುತ್ತಿತ್ತು. ಟಾಟಾ ಅವರು ಮಳೆಯೊಡನೆ ಜಗಳಕ್ಕೆ ನಿಲ್ಲಲಿಲ್ಲ. ಪ್ರತಿ ಮಳೆಗಾಲದಲ್ಲಿಯೂ ಗಂಟುಮೂಟೆ ಕಟ್ಟಿ, ವಿಮಾನಗಳ ಸಮೇತ ಪುಣೆಗೆ ಹೋಗಿ ಯೆರವಡಾ ಜೈಲಿನ ಬಳಿಯ ಬಯಲಿನಲ್ಲಿ ಬೀಡುಬಿಟ್ಟರು. ಮಳೆಗಾಲವೆಂಬುದು ವರ್ಷವರ್ಷವೂ ಬರುತ್ತದೆಂಬ ಸಾಮಾನ್ಯ ಸಂಗತಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದದ್ದು ಅವರ ಜಾಣತನ.

ಹಾರಾಟ ಕಲಿಸುವ ಶಾಲೆಗಳೂ ಈ ಜಾಣತನವನ್ನು ತೋರಬೇಕು. ಇಷ್ಟು ತಿಂಗಳಲ್ಲಿ ಪರವಾನಗಿ ಎಂದು ಸೇರುವಾಗಲೇ ಆಸೆ ಹುಟ್ಟಿಸಿ, ಆಮೇಲೆ ಮಳೆಯ ಮೇಲೆ ಹೊಣೆ ಹೊರಿಸುವುದು ಎಲ್ಲಿಯೇ ನಡೆದರೂ ಸರಿಯಲ್ಲ. ಮಳೆಗೆ ಬಾಯಿಲ್ಲವಾದ್ದರಿಂದ ಅದು ಎದುರಾಡುವುದಿಲ್ಲ, ಅಷ್ಟೆ. ಜೂನಿನಿಂದ ಅಕ್ಟೋಬರಿನವರೆಗೆ ಇಲ್ಲಿನ ಆಕಾಶ ಹೇಗಿರುತ್ತದೆಂಬುದನ್ನು ಮೊದಲ ದಿನವೇ ವಿದ್ಯಾರ್ಥಿಗೂ ಅವನ ಮನೆಯವರಿಗೂ ಬಿಡಿಸಿ ಹೇಳಬೇಕು. ಸಾಲ ಕೊಡುವ ಬ್ಯಾಂಕು ತನ್ನ ಕಂತುಗಳನ್ನು ಗೊತ್ತುಮಾಡುವಾಗ ಮಳೆಗಾಲವೊಂದನ್ನು ಎಣಿಕೆಯಲ್ಲಿ ಸೇರಿಸಿಕೊಂಡರೆ ನಷ್ಟವೇನೂ ಆಗದು. ಇನ್ನು ಮನೆಯವರು. ಬಿತ್ತನೆಗೆ ಹದ ಬರಲಿಲ್ಲವೆಂದು ತಿಂಗಳುಗಟ್ಟಲೆ ತಾನೇ ಕಾಯುವ ತಂದೆ, ಮಗನಿಗೆ ಹದ ಬರುವವರೆಗೆ ಕಾಯಲಾರದೆ ಹೋಗುವುದು ಸೋಜಿಗವೇ.

ಹದಕ್ಕೆ ಕಾಯುವ ರೈತನು ಕಟ್ಟೆಯ ಮೇಲೆ ಮಲಗಿರುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಕುಂಟೆ ಕೂರಿಗೆಗಳನ್ನು ಸರಿಪಡಿಸುತ್ತಾನೆ, ಬೀಜವನ್ನು ಆರಿಸುತ್ತಾನೆ, ಬದುವನ್ನು ಕಟ್ಟುತ್ತಾನೆ, ಗೊಬ್ಬರ ಹೊಡೆಯುತ್ತಾನೆ. ಮೋಡ ಕವಿದ ದಿನ ವಿದ್ಯಾರ್ಥಿ ಮಾಡಬೇಕಾದ ಕೆಲಸಗಳೂ ಇಷ್ಟೇ ಇವೆ. ವಿಮಾನದ ಬೀಗ ತೆಗೆಸಿ ಒಳಗೆ ಕುಳಿತು, ಎಂಜಿನು ನಿಂತರೆ ಯಾವ ಕೈ ಎಲ್ಲಿಗೆ ಹೋಗಬೇಕೆಂಬುದನ್ನು ಕಣ್ಣು ಮುಚ್ಚಿ ನೂರು ಸಲ ಅಭ್ಯಾಸ ಮಾಡಬಹುದು. ಭೂಪಟದ ಮೇಲೆ ಗೆರೆಯೆಳೆದು, ಪಡುವಣ ಗಾಳಿ ಇಷ್ಟು ವೇಗದಲ್ಲಿ ಬೀಸಿದರೆ ನರಸೀಪುರ ತಲಪಲು ಎಷ್ಟು ನಿಮಿಷ, ಎದುರುಗಾಳಿಯಲ್ಲಿ ಮರಳಲು ಎಷ್ಟು ನಿಮಿಷ, ಅದಕ್ಕೆ ಇಂಧನವೆಷ್ಟು ಎಂದು ಲೆಕ್ಕ ಹಾಕಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಆಕಾಶವನ್ನೇ ಓದಬಹುದು. ಹವಾಮಾನದ ಪಾಠವನ್ನು ಪುಸ್ತಕದಲ್ಲಿ ಉರು ಹೊಡೆಯುವ ವಿದ್ಯಾರ್ಥಿಗೆ ಆ ಪಾಠವೇ ಕಿಟಕಿಯ ಹೊರಗೆ ನಿಂತಿರುವುದು ಮಳೆಗಾಲದಲ್ಲಿ. ಹೂಕೋಸಿನಂಥ ಬಿಳಿಮೋಡ ಎಷ್ಟು ಹೊತ್ತಿನಲ್ಲಿ ಗೋಪುರವಾಯಿತು, ಅದರ ತಲೆ ಅಡೆಗಲ್ಲಿನಂತೆ ಯಾವಾಗ ಚಪ್ಪಟೆಯಾಯಿತು, ಮಳೆಗೆ ಮುನ್ನ ತಣ್ಣನೆಯ ಗಾಳಿ ಯಾವ ದಿಕ್ಕಿನಿಂದ ನುಗ್ಗಿತು, ಹವಾಮಾನದ ವರದಿ ಹೇಳಿದ್ದೇನು, ನಡೆದದ್ದೇನು, ಇವನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟವನು ಎರಡು ತಿಂಗಳಲ್ಲಿ ಈ ಸೀಮೆಯ ಆಕಾಶವನ್ನು ತನ್ನ ಊರಿನ ಬೀದಿಯಂತೆ ಬಲ್ಲವನಾಗುತ್ತಾನೆ. ಎಡೆಬಿಡದೆ ಬಿಸಿಲಿರುವ ನಾಡಿನಲ್ಲಿ ನಲವತ್ತು ಗಂಟೆ ಹಾರಿ ಪರವಾನಗಿ ತಂದವನಿಗೆ ಈ ಭಾಗ್ಯವಿಲ್ಲ. ಅವನು ಮೊದಲ ಮೋಡವನ್ನು ಎದುರಿಸುವುದು ಶಿಕ್ಷಕನು ಪಕ್ಕದಲ್ಲಿಲ್ಲದ ದಿನ.

ಶಿಕ್ಷಕರ ಪಾಲೂ ಇದರಲ್ಲಿ ದೊಡ್ಡದು. ವಿದ್ಯಾರ್ಥಿಯ ಪ್ರತಿಯೊಂದು ಹಾರಾಟವನ್ನೂ ಅವರು ಪುಸ್ತಕದಲ್ಲಿ ದಾಖಲಿಸುತ್ತಾರೆ. ಹಾರದ ದಿನಕ್ಕೆ ಅಲ್ಲಿ ಜಾಗವಿಲ್ಲ. ವಿದ್ಯಾರ್ಥಿಯೇ ವರದಿಯನ್ನು ಓದಿ, ಆಕಾಶವನ್ನು ನೋಡಿ, ಶಿಕ್ಷಕನು ಬಾಯಿ ತೆರೆಯುವ ಮುನ್ನವೇ "ಇಂದು ಬೇಡ ಸರ್" ಎಂದು ಕಾರಣಸಹಿತ ಹೇಳಿದ ದಿನವನ್ನೂ ಗುರುತು ಹಾಕಿಡುವ ಏರ್ಪಾಡೊಂದು ಇರಬೇಕಾಗಿತ್ತು. ಚೆನ್ನಾಗಿ ಇಳಿಸಿದ ದಿನದ ಬೆನ್ನು ತಟ್ಟುವಿಕೆ ಆ ದಿನಕ್ಕೂ ಸಲ್ಲಬೇಕು.

ಸಂಜೆಯ ಹೊತ್ತಿಗೆ ಮಂಡಕಳ್ಳಿಯಲ್ಲಿ ಗಾಳಿ ಒಮ್ಮೊಮ್ಮೆ ತಗ್ಗುತ್ತದೆ. ಚಾಮುಂಡಿಬೆಟ್ಟದ ತುದಿ ಮೋಡದಿಂದ ಹೊರಗೆ ಇಣುಕುತ್ತದೆ. ವಿದ್ಯಾರ್ಥಿ ಎದ್ದು ನಿಂತು ಪಡುವಲನ್ನು ನೋಡುತ್ತಾನೆ, ಗಡಿಯಾರವನ್ನು ನೋಡುತ್ತಾನೆ, ಸೂರ್ಯಾಸ್ತಕ್ಕೆ ಉಳಿದಿರುವ ಹೊತ್ತನ್ನು ಎಣಿಸುತ್ತಾನೆ. ಪಡುವಲಲ್ಲಿ ಇನ್ನೊಂದು ಸಾಲು ಮೋಡ ಬರುತ್ತಿದೆ. ಅವನು ವಿಮಾನದ ಬಳಿಗೆ ನಡೆದು, ರೆಕ್ಕೆಗಳನ್ನು ನೆಲದ ಗೂಟಕ್ಕೆ ಬಿಗಿದ ಹಗ್ಗದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿ, ಸಡಿಲವಾಗಿದ್ದ ಒಂದನ್ನು ಮತ್ತೆ ಕಟ್ಟಿ, ಕೊಠಡಿಗೆ ಹಿಂದಿರುಗುತ್ತಾನೆ.